ವ್ಯಾಗನ್ ಆರ್: ಮನೆಯಲ್ಲೇ ಆಯಿಲ್ ಫಿಲ್ಟರ್ ಬದಲಿಸಿದ ಮೇಲೆ ಕೆಳಗೆ ಆಯಿಲ್ ಸೋರುತ್ತಿದೆ (ಪರಿಹಾರ ಸಿಕ್ಕಿದೆ)

ಅಕ್ಕನ ಗಾಡಿ, ಹನುಮಂತನಗರ

ಎಲ್ಲರಿಗೂ ನಮಸ್ಕಾರ. ಗಾಡಿ 2016ರ ವ್ಯಾಗನ್ ಆರ್, 1.0 ಪೆಟ್ರೋಲ್. ಶನಿವಾರ ಮನೆ ಹತ್ತಿರವೇ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿದೆ. ಫಿಲ್ಟರ್ ಜೆ.ಸಿ. ರೋಡಿನಿಂದ ತಂದ ಕಂಪನಿ ಮಾಲು. ಆಯಿಲ್ ಮ್ಯಾನುಯಲ್‌ನಲ್ಲಿ ಹೇಳಿರುವ 5ಡಬ್ಲ್ಯೂ-30. ಹೊಸ ಫಿಲ್ಟರ್‌ನ ರಬ್ಬರ್ ರಿಂಗ್‌ಗೆ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿದ್ದೇನೆ. ಹಳೇ ಆಯಿಲ್ ಇಳಿಸುವ ಡ್ರೇನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿದ್ದೇನೆ. ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಕೆಲವು ಸೆಕೆಂಡ್ ಉರಿದು ಆರಿತು. ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಕೆಳಗೆ ಬಗ್ಗಿ ನೋಡಿದೆ. ಒಂದು ಹನಿಯೂ ಇರಲಿಲ್ಲ.

ಭಾನುವಾರ ಬನಶಂಕರಿ ತನಕ ಹೋಗಿ ಬಂದೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ಅಂಗೈ ಅಗಲದ ಆಯಿಲ್ ಕಲೆ. ಬಣ್ಣ ನೋಡಿದರೆ ಹೊಸ ಆಯಿಲ್ಲೇ. ಮನೆ ಹತ್ತಿರದ ಗ್ಯಾರೇಜಿನವರು ಬಗ್ಗಿ ನೋಡಿ, ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಶುಕ್ರವಾರದವರೆಗೆ ನೆಲ ಒಣಗಿತ್ತು. ಒಂದೇ ದಿನಕ್ಕೆ ಸೀಲ್ ಹೋಗುತ್ತಾ? ಫಿಲ್ಟರ್ ರೆಂಚ್ ತಂದು ಇನ್ನಷ್ಟು ಬಿಗಿ ಮಾಡಿದರೆ ಸಾಕಾ?

ಯಲಹಂಕ ಹುಡುಗ

ಅಕ್ಕ, ಮೊದಲು ಗಾಡಿ ಓಡಿಸೋದು ನಿಲ್ಲಿಸಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿ ಇಲ್ಲಿ ಹೇಳಿ. ಗೇಟ್ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಬೇಡಿ, ಲೆವೆಲ್ ತಪ್ಪು ತೋರಿಸುತ್ತದೆ. ಸಮತಟ್ಟು ಜಾಗದಲ್ಲಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ.

ಸ್ಪ್ಯಾನರ್ ಪೆಟ್ಟಿಗೆ

ಮೇಡಂ, ರೆಂಚ್ ತರಬೇಡಿ.

ಫಿಲ್ಟರ್ ಸೋರಿದರೆ ಎಲ್ಲರೂ ಮೊದಲು ಮಾಡುವ ಕೆಲಸ ಇನ್ನೊಂದು ಸುತ್ತು ಬಿಗಿ ಮಾಡುವುದು. ಸರಿಯಾಗಿ ಕೂತ ಫಿಲ್ಟರ್‌ಗೆ ಅಷ್ಟೊಂದು ಬಲ ಬೇಕಾಗಿಯೇ ಇಲ್ಲ. ರಿಂಗ್ ಇಂಜಿನ್ ಬ್ಲಾಕಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. ಎಷ್ಟು ಸುತ್ತು ಅಂತ ಸಾಮಾನ್ಯವಾಗಿ ಫಿಲ್ಟರ್ ಡಬ್ಬಿಯ ಮೇಲೆಯೇ ಇರುತ್ತದೆ. ಅಷ್ಟು ಮಾಡಿದ ಮೇಲೂ ಸೋರುತ್ತಿದೆ ಅಂದರೆ ಕೂತಿರುವ ರೀತಿಯಲ್ಲೇ ಏನೋ ಸರಿ ಇಲ್ಲ. ರೆಂಚ್ ಹಾಕಿ ಒತ್ತಿದರೆ ರಿಂಗ್ ಹಿಚುಕಿಕೊಂಡು ಸೋರಿಕೆ ನಿಂತ ಹಾಗೆ ಕಾಣಬಹುದು. ಆಮೇಲೆ ನೈಸ್ ರೋಡಿನಲ್ಲೋ ತುಮಕೂರು ರೋಡಿನಲ್ಲೋ ಹೋಗುವಾಗ ಒಮ್ಮೆಲೇ ಕಿತ್ತುಕೊಳ್ಳುತ್ತದೆ. ಮುಂದಿನ ಸಲ ಆ ಫಿಲ್ಟರ್ ಬಿಚ್ಚುವುದೂ ಕಷ್ಟ.

ಸೀಲ್ ವಿಷಯಕ್ಕೆ ಬರೋಣ. ಅವರು ಹೇಳಿದ ಸೀಲ್ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ, ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ದಂಡ) ತುದಿಯಲ್ಲಿ ಇರುತ್ತದೆ. ಅದಕ್ಕೇ ಗೇರ್‌ಬಾಕ್ಸ್ ಇಳಿಸಬೇಕು ಅಂದಿದ್ದಾರೆ. ಆ ಸೀಲ್ ಸಾಮಾನ್ಯವಾಗಿ ನಿಧಾನವಾಗಿ ಹಾಳಾಗುತ್ತದೆ. ಮೊದಲು ಒದ್ದೆ, ಆಮೇಲೆ ಅದರ ಮೇಲೆ ಧೂಳಿನ ದಪ್ಪ ಪದರ, ಆಮೇಲೆ ಹನಿ. ಶನಿವಾರ ಫಿಲ್ಟರ್ ಮುಟ್ಟಿದ್ದೀರಿ, ಭಾನುವಾರ ಸೋರಿದೆ. ಮುಟ್ಟಿದ ಜಾಗವನ್ನು ಬಿಟ್ಟು ಮುಟ್ಟದ ಜಾಗಕ್ಕೆ ಯಾಕೆ ಹೋಗಬೇಕು?

ಆದರೆ ಅವರಿಗೆ ಹಾಗೆ ಕಂಡಿದ್ದಕ್ಕೂ ಕಾರಣ ಇದೆ. ಗಾಡಿ ಓಡುವಾಗ ಗಾಳಿ ಆಯಿಲ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಅದು ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಮೇಲೆ ಹರಿದು, ಎಲ್ಲಿ ತಗ್ಗಿದೆಯೋ ಅಲ್ಲಿ ತೊಟ್ಟಿಕ್ಕುತ್ತದೆ. ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ. ಅದಕ್ಕೆ ಒರೆಸದೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹೀಗೆ ಮಾಡಿ. ಇಂಜಿನ್ ಪೂರ್ತಿ ತಣ್ಣಗಾಗಲಿ. ಫಿಲ್ಟರ್, ಅದರ ಸುತ್ತಲಿನ ಬ್ಲಾಕ್, ಸಂಪ್, ಡ್ರೇನ್ ಬೋಲ್ಟ್, ಗೇರ್‌ಬಾಕ್ಸ್ ಸೇರುವ ಕಡೆ, ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಸಂದಿಯಲ್ಲಿ ಆಯಿಲ್ ಉಳಿದಿದ್ದರೆ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಆರಲು ಬಿಡಿ. ಗಾಡಿ ಕೆಳಗೆ ಅಗಲವಾದ ರಟ್ಟು ಹಾಸಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎರಡು ಗುರುತುಗಳ ಮಧ್ಯೆ ಇದ್ದರೆ ಮಾತ್ರ ಸ್ಟಾರ್ಟ್ ಮಾಡಿ. ಇನ್ನೊಬ್ಬರು ಸ್ಟೀರಿಂಗ್ ಹತ್ತಿರ ಇರಲಿ. ನೀವು ಪಕ್ಕದಿಂದ ಟಾರ್ಚ್ ಹಿಡಿದು ಫಿಲ್ಟರ್ ಮತ್ತು ಬ್ಲಾಕ್ ಸೇರುವ ಗೆರೆ ನೋಡಿ. ಇಂಜಿನ್ ಓಡುವಾಗ ಕೆಳಗೆ ನುಗ್ಗಬೇಡಿ, ಬೆಲ್ಟ್ ಹತ್ತಿರ ಕೈ ತರಬೇಡಿ. ಆಯಿಲ್ ತಣ್ಣಗಿದ್ದಾಗ ದಪ್ಪಗಿರುತ್ತದೆ, ಒತ್ತಡವೂ ಜಾಸ್ತಿ. ಆಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ಬರೀ ನಿಂತ ಕಡೆ ಓಡಿಸಿದಾಗ ಹನಿ ಬೀಳಲಿಲ್ಲ, ರಸ್ತೆಗೆ ಹೋದ ಮೇಲೆ ಬಿತ್ತು ಅಂದಿದ್ದೀರಿ. ನನಗೆ ಮುಖ್ಯ ಅನ್ನಿಸಿದ್ದು ಆ ಮಾತು.

ಹಳೇ ಡೀಸೆಲ್, ಕೆಂಗೇರಿ

ಇನ್ನೊಂದು ಸಣ್ಣ ವಿಷಯ. ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಆಯಿಲ್ ಕ್ರಾಸ್ ಮೆಂಬರ್ (ಗಾಡಿ ಕೆಳಗಿನ ಅಡ್ಡ ಪಟ್ಟಿ) ಒಳಗೆ ನಿಂತು ಒಂದೆರಡು ದಿನ ಹನಿಯುತ್ತದೆ. ಅದು ಸೋರಿಕೆ ಅಲ್ಲ. ಆದರೆ ಆಗ ಕಲೆ ದಿನದಿಂದ ದಿನಕ್ಕೆ ಚಿಕ್ಕದಾಗಬೇಕು. ಚೆಲ್ಲಿದ್ದು ಹಳೇ ಆಯಿಲ್ ಆದ್ದರಿಂದ ಬಣ್ಣವೂ ಕಪ್ಪಗಿರುತ್ತದೆ. ನಿಮ್ಮದು ಹೊಸ ಆಯಿಲ್ ಅಂದಿರಿ, ಹಾಗಾಗಿ ಸೋರಿಕೆಯೇ ಇರಬೇಕು.

ಅಕ್ಕನ ಗಾಡಿ

ತುಂಬಾ ಥ್ಯಾಂಕ್ಸ್. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎರಡು ಗುರುತುಗಳ ಮಧ್ಯಕ್ಕೆ ಬಂದಿದೆ. ಶನಿವಾರ ಮೇಲಿನ ಗುರುತಿಗೆ ಸರಿಯಾಗಿ ಇತ್ತು. ಎಲ್ಲ ಒರೆಸಿ ತಮ್ಮನ ಕೈಲಿ ಸ್ಟಾರ್ಟ್ ಮಾಡಿಸಿದೆ. ಆಕ್ಸಿಲರೇಟರ್ ಕೊಟ್ಟಾಗ ಫಿಲ್ಟರ್‌ನ ಒಂದು ಬದಿಯಿಂದ ತೆಳ್ಳಗೆ ಆಯಿಲ್ ಇಳಿಯಿತು, ತಕ್ಷಣ ಆಫ್ ಮಾಡಿಸಿದೆ. ಡ್ರೇನ್ ಬೋಲ್ಟ್ ಒಣಗಿದೆ. ಗೇರ್‌ಬಾಕ್ಸ್ ಕಡೆಯೂ ಒಣಗಿದೆ.

ಈಗ ಫಿಲ್ಟರ್ ಬಿಚ್ಚಬೇಕಾದರೆ ಹೊಸ ಆಯಿಲ್ ಪೂರ್ತಿ ಮತ್ತೆ ಇಳಿಸಬೇಕಾ? ಮೊನ್ನೆ ತಾನೇ ಹಾಕಿದ್ದು, ಹೊಟ್ಟೆ ಉರಿಯುತ್ತದೆ.

ಸ್ಪ್ಯಾನರ್ ಪೆಟ್ಟಿಗೆ

ಇಳಿಸಬೇಡಿ. ಇಂಜಿನ್ ರಾತ್ರಿಯೆಲ್ಲ ನಿಂತಿದ್ದರೆ ಆಯಿಲ್‌ನ ಬಹುಪಾಲು ಕೆಳಗೆ ಸಂಪ್‌ನಲ್ಲಿ ಇರುತ್ತದೆ. ಫಿಲ್ಟರ್ ಬಿಚ್ಚಿದರೆ ಅದರೊಳಗಿನದು, ಮೇಲಿನ ದಾರಿಯಲ್ಲಿ ಉಳಿದ ಸ್ವಲ್ಪ, ಅಷ್ಟೇ ಬರುತ್ತದೆ. ಡ್ರೇನ್ ಬೋಲ್ಟ್ ಮುಟ್ಟಬೇಡಿ. ಶುಚಿಯಾದ ಟ್ರೇ ಇಡಿ.

ಜಾಕ್ ಬಗ್ಗೆ ಒಂದು ಮಾತು. ಟೈರ್ ಬದಲಿಸಲು ಗಾಡಿ ಜೊತೆ ಕೊಡುವ ಜಾಕ್ ಮೇಲೆ ನಿಲ್ಲಿಸಿ ಯಾವ ಕಾರಣಕ್ಕೂ ಕೆಳಗೆ ಹೋಗಬೇಡಿ. ಎತ್ತುವುದು ಮಾತ್ರ ಜಾಕ್ ಕೆಲಸ, ಹೊರುವುದು ಸ್ಟ್ಯಾಂಡ್ ಕೆಲಸ. ಎಸ್.ಜೆ.ಪಿ. ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಜಾಕ್ ಸ್ಟ್ಯಾಂಡ್ ಜೋಡಿಯಾಗಿ ಸಿಗುತ್ತದೆ. ನೆಲ ಗಟ್ಟಿ ಮತ್ತು ಸಮ ಇರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಿ. ಇದೆಲ್ಲ ನಿಮಗೆ ಗೊತ್ತಿರಬಹುದು. ಆದರೆ ಇದನ್ನು ಓದಿ ಹೊಸದಾಗಿ ಕೆಲಸಕ್ಕೆ ಇಳಿಯುವವರೂ ಇರುತ್ತಾರಲ್ಲ, ಅದಕ್ಕೆ ಬರೆದೆ.

ಫಿಲ್ಟರ್‌ನ ತಳ ನಿಮ್ಮ ಕಡೆಗಿದ್ದರೆ ಎಡಕ್ಕೆ ತಿರುಗಿಸಿ ಬಿಚ್ಚಿ. ಬಿಚ್ಚಿದ ತಕ್ಷಣ ಫಿಲ್ಟರ್ ನೋಡಬೇಡಿ, ಮೊದಲು ಬ್ಲಾಕ್ ನೋಡಿ. ಫಿಲ್ಟರ್ ಕೂರುವ ಗುಂಡನೆಯ ಜಾಗ ಬರೀ ಲೋಹ ಆಗಿರಬೇಕು. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಕೆಲವೊಮ್ಮೆ ಬಿಸಿಗೆ ಗಟ್ಟಿಯಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಫಿಲ್ಟರ್ ಮಾತ್ರ ಕೈಗೆ ಬರುತ್ತದೆ. ರಿಂಗ್ ಕಪ್ಪು, ಜಾಗವೂ ಆಯಿಲ್ ಹತ್ತಿ ಕಪ್ಪು, ಕೆಳಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಹೊಸ ಫಿಲ್ಟರ್ ಹಾಕಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ. ಐಡಲ್‌ನಲ್ಲಿ, ಅಂದರೆ ಬರೀ ನಿಂತ ಕಡೆ ಓಡಿಸಿದಾಗ, ಒತ್ತಡ ಕಡಿಮೆ, ಹೇಗೋ ತಡೆಯುತ್ತದೆ. ರಸ್ತೆಯಲ್ಲಿ ಇಂಜಿನ್ ಸ್ಪೀಡ್ ಏರಿದಾಗ ಒತ್ತಡ ಹಲವು ಪಟ್ಟು ಆಗುತ್ತದೆ, ಆಗ ಒಂದು ರಿಂಗ್ ಪಕ್ಕಕ್ಕೆ ಜಾರುತ್ತದೆ. ನಿಮ್ಮ ಲಕ್ಷಣ ಇದಕ್ಕೆ ತುಂಬಾ ಹೊಂದುತ್ತದೆ. ಪೂರ್ತಿ ಜಾರಿದರೆ ಸಂಪ್‌ನಲ್ಲಿರುವ ಆಯಿಲ್ ಒಂದೆರಡು ನಿಮಿಷದಲ್ಲೇ ರಸ್ತೆ ಪಾಲು. ಲೈಟ್ ಉರಿಯುವುದನ್ನು ನೋಡಿ ಗಾಡಿ ಪಕ್ಕಕ್ಕೆ ತರುವಷ್ಟರಲ್ಲಿ ಬೇರಿಂಗ್ ಹೋಗಿರಬಹುದು. ಅದಕ್ಕೇ ಓಡಿಸಬೇಡಿ ಅಂತ ಎಲ್ಲರೂ ಹೇಳುತ್ತಿರುವುದು.

ಕಣ್ಣಿಗಿಂತ ಬೆರಳನ್ನು ನಂಬಿ. ಗ್ಲೌಸ್ ಹಾಕಿದ ಬೆರಳಿನಿಂದ ಆ ಜಾಗದ ಸುತ್ತ ಒಂದು ಸಲ ಸವರಿ. ಎಲ್ಲಾದರೂ ಮೆತ್ತಗೆ ತಾಗಿದರೆ ಅಥವಾ ಅಂಚು ಸಿಕ್ಕರೆ ಅಲ್ಲಿದೆ. ಕೆರೆಯಲು ಸ್ಕ್ರೂಡ್ರೈವರ್ ಬೇಡ, ಲೋಹದ ಮೇಲೆ ಗೀರು ಬಿದ್ದರೆ ಅದೇ ಹೊಸ ಸೋರಿಕೆಯ ದಾರಿ. ಪ್ಲಾಸ್ಟಿಕ್ ತುಂಡು ಸಾಕು. ಹಳೇ ಫಿಲ್ಟರ್ ಇನ್ನೂ ಎಸೆದಿಲ್ಲದಿದ್ದರೆ ಅದನ್ನೂ ನೋಡಿ, ರಿಂಗ್ ಇದೆಯಾ ಅಂತ.

ಅಕ್ಕನ ಗಾಡಿ

ಸಿಕ್ಕಿತು! ಹಳೇ ಫಿಲ್ಟರ್ ಕವರಿನಲ್ಲೇ ಇತ್ತು, ಅದರಲ್ಲಿ ರಿಂಗ್ ಇಲ್ಲ. ಬ್ಲಾಕಿನ ಮೇಲೆ ಬೆರಳಾಡಿಸಿದಾಗ ಸುತ್ತಲೂ ಅಂಚು ಸಿಕ್ಕಿತು. ಒಂದು ಕಡೆ ಎಬ್ಬಿಸಿದ ಮೇಲೆ ಪೂರ್ತಿ ಸುಲಿದು ಬಂತು. ಗಟ್ಟಿಯಾಗಿ, ಚಪ್ಪಟೆಯಾಗಿದೆ. ಹಿಂದಿನ ಸಲ ಹೊರಗೆ ಸರ್ವಿಸ್ ಮಾಡಿಸಿದಾಗ ಹಾಕಿದ್ದ ಫಿಲ್ಟರ್ ಅದು. ಶನಿವಾರ ಬಿಚ್ಚುವಾಗ ಸ್ಟ್ರ್ಯಾಪ್ (ಪಟ್ಟಿ) ಹಾಕಿದರೂ ಸುಲಭಕ್ಕೆ ಬಿಡಲಿಲ್ಲ. ಬಹುಶಃ ಒಣ ರಿಂಗ್‌ನಲ್ಲೇ ಬಲವಾಗಿ ಬಿಗಿದಿದ್ದರು ಅನ್ನಿಸುತ್ತದೆ.

ಹೊಸ ಫಿಲ್ಟರ್ ಅದನ್ನೇ ಹಾಕಬಹುದಾ, ಇನ್ನೊಂದು ತರಬೇಕಾ?

ಸ್ಪ್ಯಾನರ್ ಪೆಟ್ಟಿಗೆ

ಓದಿ ನನಗೇ ನೆಮ್ಮದಿ ಆಯಿತು ಮೇಡಂ. ಗೇರ್‌ಬಾಕ್ಸ್ ಇಳಿಸುವ ಕೆಲಸ ತಪ್ಪಿತು.

ಹೊಸ ಫಿಲ್ಟರ್‌ನ ರಿಂಗ್ ಬೆಳಕಿನಲ್ಲಿ ನೋಡಿ. ಕತ್ತರಿಸಿರಬಾರದು, ಒಂದು ಕಡೆ ಹಿಚುಕಿರಬಾರದು, ತನ್ನ ಕಚ್ಚಿನಲ್ಲಿ ಸಮವಾಗಿ ಕೂತಿರಬೇಕು. ಚೆನ್ನಾಗಿದ್ದರೆ ಅದನ್ನೇ ಹಾಕಿ. ಸ್ವಲ್ಪ ಅನುಮಾನ ಬಂದರೂ ಹೊಸದು ತನ್ನಿ. ಇಡೀ ಕೆಲಸದಲ್ಲಿ ಫಿಲ್ಟರ್ ಬೆಲೆಯೇ ಕಡಿಮೆ, ಅಲ್ವಾ? ಬ್ಲಾಕಿನ ಜಾಗ ಒರೆಸಿ, ರಿಂಗ್‌ಗೆ ಮತ್ತೆ ಆಯಿಲ್ ಸವರಿ. ಮೊದಲ ಎರಡು ಮೂರು ಸುತ್ತು ಬೆರಳ ತುದಿಯಲ್ಲೇ ತಿರುಗಬೇಕು. ತಿರುಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ರಿಂಗ್ ತಾಗಿದಾಗ ಫಿಲ್ಟರ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಂದ ಮುಕ್ಕಾಲು ಸುತ್ತು.

ಆಯಿಲ್ ಒಂದೇ ಸಲ ಸುರಿಯಬೇಡಿ. ಸ್ವಲ್ಪ ಹಾಕಿ, ಒಂದು ನಿಮಿಷ ಓಡಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಬೇಕಾದರೆ ಮತ್ತೆ ಹಾಕಿ. ಮೇಲಿನ ಗುರುತು ದಾಟಬಾರದು. ಆಯಿಲ್ ಜಾಸ್ತಿ ಆದರೂ ಇಂಜಿನ್‌ಗೆ ಒಳ್ಳೆಯದಲ್ಲ. ಸ್ಟಾರ್ಟ್ ಮಾಡಿದಾಗ ಲೈಟ್ ಕೆಲವು ಸೆಕೆಂಡ್ ಉರಿಯುವುದು ಸಹಜ, ಖಾಲಿ ಫಿಲ್ಟರ್ ತುಂಬಬೇಕಲ್ಲ. ಹತ್ತು ಸೆಕೆಂಡ್ ಆದರೂ ಆರದಿದ್ದರೆ ತಕ್ಷಣ ಆಫ್ ಮಾಡಿ.

ಹಳೇ ಡೀಸೆಲ್

ಹಳೇ 1.3 ಡೀಸೆಲ್ ಸ್ವಿಫ್ಟ್ ಇರುವವರಿಗೆ ಒಂದು ಮಾತು. ನಮ್ಮದರಲ್ಲಿ ಡಬ್ಬಿ ಫಿಲ್ಟರ್ ಇಲ್ಲ, ಮುಚ್ಚಳ ಬಿಚ್ಚಿ ಒಳಗಿನ ಪೇಪರ್ ಎಲಿಮೆಂಟ್ ಬದಲಿಸಬೇಕು. ರಿಂಗ್ ಇರುವುದು ಮುಚ್ಚಳಕ್ಕೆ. ಹಳೇದನ್ನು ತೆಗೆದು ಹೊಸದನ್ನು ಅದೇ ಕಚ್ಚಿನಲ್ಲಿ ಕೂರಿಸಬೇಕು. ಕಚ್ಚು ತಪ್ಪಿದರೆ ಅಲ್ಲೂ ಇದೇ ಕಥೆ.

ಅಕ್ಕನ ಗಾಡಿ

ಅದೇ ಫಿಲ್ಟರ್ ಹಾಕಿದೆ, ರಿಂಗ್ ಚೆನ್ನಾಗಿತ್ತು. ಇವತ್ತು ಮೈಸೂರು ರೋಡಿನಲ್ಲಿ ಬಿಡದಿ ತನಕ ಹೋಗಿ ಬಂದೆ. ರಟ್ಟು ಒಣಗಿದೆ, ಡಿಪ್‌ಸ್ಟಿಕ್ ಇದ್ದ ಹಾಗೇ ಇದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಕೊನೆಯ ಪ್ರಶ್ನೆ. ಹಳೇ ಆಯಿಲ್ ಕ್ಯಾನ್‌ನಲ್ಲಿದೆ. ಪಕ್ಕದ ಮನೆಯವರು ಗೆದ್ದಲಿಗೆ ಒಳ್ಳೆಯದು, ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ?

ಯಲಹಂಕ ಹುಡುಗ

ಕೊಡಬೇಡಿ ಅಕ್ಕ. ಗೆದ್ದಲಿಗೆ ಅಂತ ಮರಕ್ಕೆ ಬಳಿಯುವುದು ನಮ್ಮ ಕಡೆ ಹಳೇ ರೂಢಿ, ನಿಜ. ಆದರೆ ಇಂಜಿನ್‌ನಲ್ಲಿ ಸುಟ್ಟು ಬಂದ ಆಯಿಲ್‌ನಲ್ಲಿ ಲೋಹದ ಕಣ, ಮಸಿ ಎಲ್ಲ ಇರುತ್ತದೆ. ಮಳೆಗೆ ಅದು ಮಣ್ಣಿಗೆ ಇಳಿಯುತ್ತದೆ. ಚರ್ಮಕ್ಕೂ ಒಳ್ಳೆಯದಲ್ಲ. 2016ರ ಕೇಂದ್ರದ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮೋರಿಗಂತೂ ಸುರಿಯಲೇಬೇಡಿ. ನಿಮ್ಮ ಹನುಮಂತನಗರದ ಕಡೆ ಮೋರಿ ನೀರು ವೃಷಭಾವತಿ ಸೇರುತ್ತದೆ, ಅದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ.

ದೊಡ್ಡ ಸರ್ವಿಸ್ ಸೆಂಟರ್‌ಗಳು ತಮ್ಮ ಹಳೇ ಆಯಿಲ್ ಅನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವವರಿಗೆ ಕೊಡಬೇಕು. ಹತ್ತಿರದ ಒಂದರಲ್ಲಿ ಕೇಳಿ, ಅವರ ಡ್ರಮ್ಮಿಗೆ ಹಾಕಿಸಿಕೊಳ್ಳುತ್ತಾರಾ ಅಂತ. ಮೊದಲೇ ಫೋನ್ ಮಾಡಿ ಹೋದರೆ ವಾಸಿ. ಕ್ಯಾನ್‌ಗೆ ನೀರು, ಕೂಲೆಂಟ್, ಪೆಟ್ರೋಲ್ ಏನೂ ಬೆರೆಸಬೇಡಿ, ಬೆರೆತರೆ ಅವರು ತಗೊಳ್ಳುವುದು ಕಷ್ಟ. ಹಳೇ ಫಿಲ್ಟರ್ ಅನ್ನು ಒಂದು ರಾತ್ರಿ ಟ್ರೇ ಮೇಲೆ ಬೋರಲು ಹಾಕಿ, ಇಳಿದ ಆಯಿಲ್ ಅನ್ನು ಅದೇ ಕ್ಯಾನ್‌ಗೆ ಸೇರಿಸಿ, ಫಿಲ್ಟರನ್ನೂ ಜೊತೆಗೇ ಒಯ್ಯಿರಿ.