ಪದಚರ್ಚೆ: ಸಸಾರಜನಕವೋ, ಪ್ರೋಟೀನೋ? ಆ ಮೊದಲ ‘ಸ’ದ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಮಕ್ಕಳ ಊಟದ ಬಗ್ಗೆ ನಾವು ಕೆಲವರು ಸೇರಿ ಒಂದು ಚಿಕ್ಕ ಪುಸ್ತಕ ಸಿದ್ಧ ಮಾಡುತ್ತಿದ್ದೇವೆ. ಕೊಬ್ಬು, ಪಿಷ್ಟ, ಜೀವಸತ್ವ, ಲವಣ, ನಾರು ಇವುಗಳಿಗೆ ಯಾರೂ ತಕರಾರು ತೆಗೆಯಲಿಲ್ಲ. ಮಾತು ನಿಂತಿರುವುದು ಒಂದೇ ಪದದ ಮೇಲೆ. ಸಸಾರಜನಕ ಅಂತ ಬರೆಯಬೇಕೋ, ಪ್ರೋಟೀನು ಅಂತ ಬರೆಯಬೇಕೋ? ನನ್ನ ಒಲವು ಪ್ರೋಟೀನಿನ ಕಡೆಗೆ. ಕಾರಣ ಹೇಳುತ್ತೇನೆ, ಒಪ್ಪದವರು ದಯವಿಟ್ಟು ವಾದ ಮಾಡಿ.

ಮೊದಲು ಪದದ ಕಟ್ಟಡ ನೋಡೋಣ. ಸಕುಟುಂಬ, ಸಪರಿವಾರ ಅನ್ನುವಾಗ ಬರುವ ‘ಸ’ವೇ ಇಲ್ಲಿಯೂ ಇದೆ. ಕೂಡಿದ, ಜೊತೆಗಿರುವ ಎಂಬ ಅರ್ಥ. ಸಾರಜನಕ ಅಂದರೆ ನೈಟ್ರೋಜನ್. ಅಲ್ಲಿಗೆ ಸಸಾರಜನಕ ಅಂದರೆ ನೈಟ್ರೋಜನ್ ಕೂಡಿರುವ ವಸ್ತು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ಸರಿಯಾದ ಹೆಸರೇ. ಪಿಷ್ಟದಲ್ಲಿ, ಎಣ್ಣೆ-ತುಪ್ಪದಲ್ಲಿ ಮುಖ್ಯವಾಗಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ. ಪ್ರೋಟೀನಿನಲ್ಲಿ ಇವುಗಳ ಜೊತೆಗೆ ನೈಟ್ರೋಜನ್ ಇದ್ದೇ ಇರುತ್ತದೆ, ತೂಕದಲ್ಲಿ ಸುಮಾರು 16 ಶೇಕಡ. ಪದ ಕಟ್ಟಿದವರು ವಿಷಯ ತಿಳಿದೇ ಕಟ್ಟಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ.

ತೊಂದರೆ ಶುರುವಾಗುವುದು ಪದ ನಾಲಿಗೆಗೆ ಬಂದಾಗ. ಅಕ್ಕಪಕ್ಕದ ಎರಡು ಸಕಾರಗಳಲ್ಲಿ ಒಂದು ಮಾತಿನ ಓಟದಲ್ಲಿ ನುಂಗಿಹೋಗುತ್ತದೆ. ‘ಸಾರಜನಕ ಜಾಸ್ತಿ ಇರುವ ಕಾಳು ತಿನ್ನಿ’ ಎಂಬ ವಾಕ್ಯವನ್ನು ಭಾಷಣಗಳಲ್ಲಿ ಕೇಳುತ್ತೇವೆ, ಗೋಡೆಬರಹಗಳಲ್ಲಿಯೂ ಓದುತ್ತೇವೆ. ಒಂದು ಅಕ್ಷರ ಬಿದ್ದರೆ ವಸ್ತುವೇ ಬದಲಾಯಿತು ಎನ್ನುವುದು ಓದುವವರಿಗೆ ಹೊಳೆಯುವುದೂ ಇಲ್ಲ. ಇನ್ನೊಂದು ಮಾತು. ಕನ್ನಡದ ಕಿವಿಗೆ ‘ಸಸಾರ’ ಅನ್ನುವುದು ಬೇರೆಯದೇ ಪದ. ‘ಅದೇನು ಅಷ್ಟು ಸಸಾರವಲ್ಲ’, ‘ಅವನನ್ನು ಸಸಾರವಾಗಿ ಕಾಣಬೇಡ’ ಅನ್ನುತ್ತೇವಲ್ಲ, ಆ ಸಸಾರ. ಕೇಳಿದವರು ಪದವನ್ನು ಸಸಾರ-ಜನಕ ಎಂದು ಒಡೆದುಕೊಂಡರೆ ತಪ್ಪು ಅವರದಲ್ಲ.

ಹಳ್ಳಿಗಳಲ್ಲಿ ಇದು ಇನ್ನೂ ತೊಡಕು. ಹೊಲ ಮಾಡುವವರಿಗೆ ಸಾರಜನಕ ಚೆನ್ನಾಗಿ ಪರಿಚಯದ ಪದ. ಸಾರಜನಕ, ರಂಜಕ, ಪೊಟ್ಯಾಷ್ ಎಂದು ಗೊಬ್ಬರದ ಲೆಕ್ಕದಲ್ಲಿ ಅವರು ದಿನವೂ ಬಳಸುತ್ತಾರೆ. ಯೂರಿಯಾದಲ್ಲಿ 46 ಶೇಕಡ ಸಾರಜನಕ. ಅಂಥ ಮನೆಯ ತಾಯಿಗೆ ‘ಮಗುವಿಗೆ ಸಾರಜನಕ ಸಾಲುತ್ತಿಲ್ಲ’ ಎಂದು ಹೇಳಿದರೆ ಅವಳು ಏನೆಂದುಕೊಳ್ಳಬೇಕು?

ಈ ಎರಡನ್ನೂ ಒಂದೇ ಎಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಒಂದು ಅಳತೆಯ ವಿಧಾನ ಕಂಡುಹಿಡಿದರು. ಆಹಾರದಲ್ಲಿರುವ ನೈಟ್ರೋಜನ್ ಎಷ್ಟು ಎಂದು ಅಳೆಯುವುದು, ಅದನ್ನು 6.25ರಿಂದ ಗುಣಿಸಿ ಪ್ರೋಟೀನು ಇಷ್ಟು ಎಂದು ಹೇಳುವುದು. ಹಾಲಿಗೆ 6.38, ಗೋಧಿಗೆ 5.7 ಹೀಗೆ ಗುಣಿಸುವ ಅಂಕಿ ಸ್ವಲ್ಪ ಬದಲಾಗುತ್ತದೆ. ಇವತ್ತಿಗೂ ಈ ವಿಧಾನ ಬಳಕೆಯಲ್ಲಿದೆ. ಆದರೆ ಇದು ಅಳೆಯುವುದು ಪ್ರೋಟೀನನ್ನಲ್ಲ, ನೈಟ್ರೋಜನ್ನನ್ನು. ಚೀನಾದಲ್ಲಿ ಹಾಲಿಗೆ ನೀರು ಬೆರೆಸಿದವರು ಇದನ್ನೇ ಬಳಸಿಕೊಂಡರು. ಪರೀಕ್ಷೆಯಲ್ಲಿ ಸಿಕ್ಕಿಬೀಳದಿರಲು ಮೆಲಮೈನ್ ಎಂಬ ರಾಸಾಯನಿಕ ಸುರಿದರು. ಅದರ ತೂಕದ ಮೂರನೇ ಎರಡು ಪಾಲು ನೈಟ್ರೋಜನ್. ಪ್ರೋಟೀನು ಒಂದಿಷ್ಟೂ ಇಲ್ಲ. ವಿಷಯ ಹೊರಬಿದ್ದದ್ದು 2008ರಲ್ಲಿ. ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳಿಗೆ ಕಾಯಿಲೆಯಾಯಿತು. ಮೂತ್ರಪಿಂಡದಲ್ಲಿ ಕಲ್ಲುಗಳಾದವು, 6 ಕೂಸುಗಳು ತೀರಿಕೊಂಡವು. ಆ ಹಾಲು ಪದದ ಅರ್ಥದಲ್ಲಿ ‘ಸ-ಸಾರಜನಕ’ವೇ ಆಗಿತ್ತು ಎಂದು ನೆನೆದರೆ ಸಂಕಟವಾಗುತ್ತದೆ. ಯೂರಿಯಾದಲ್ಲಿ ನೈಟ್ರೋಜನ್ ಇದೆ. ಕಾಫಿಯ ಕೆಫೀನಿನಲ್ಲಿದೆ, ನಮ್ಮ ಡಿಎನ್‌ಎಯಲ್ಲಿಯೂ ಇದೆ. ಇವು ಯಾವುವೂ ಪ್ರೋಟೀನಲ್ಲ. ಹಾಗಾಗಿ ಹೆಸರು ಸರಿ ಇದ್ದರೂ ಸಾಕಾಗುವಷ್ಟು ಸರಿ ಇಲ್ಲ.

ಪದದ ಪರವಾಗಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ತೊಗರಿ, ಅವರೆ, ಹುರುಳಿ, ಅಲಸಂದೆಗಳಲ್ಲಿ ಪ್ರೋಟೀನು ಯಾಕೆ ಜಾಸ್ತಿ? ಇವುಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡು, ಗಾಳಿಯ ನೈಟ್ರೋಜನ್ನನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಗಾಳಿಯಲ್ಲಿ 78 ಶೇಕಡ ಅದೇ ಇದ್ದರೂ ಮಿಕ್ಕ ಗಿಡಗಳಿಗೆ ನೇರವಾಗಿ ದಕ್ಕುವುದಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ ಹಾಕುವ ಪದ್ಧತಿ ಊಟಕ್ಕೂ ಒಳ್ಳೆಯದು, ಮಣ್ಣಿಗೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಪ್ರೋಟೀನು ಸುಮಾರು 7 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳೆಂಬ ಬಿಡಿ ಮಣಿಗಳನ್ನು ಪೋಣಿಸಿದ ಎಳೆ. ಮುದ್ದೆಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಹೇರಳ. ಕಾಳಿನಲ್ಲಿ ಮೆಥಿಯೋನೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಕಡಿಮೆ, ಅದನ್ನು ರಾಗಿ ತುಂಬಿಕೊಡುತ್ತದೆ. ಮುದ್ದೆಗೆ ಹುರುಳಿ ಸಾರು ಸುಮ್ನೆ ಜೊತೆಯಾದದ್ದಲ್ಲ ಅನಿಸುತ್ತದೆ, ಅಲ್ವಾ? ಹೊಲದ ಸಾರಜನಕಕ್ಕೂ ತಟ್ಟೆಯ ಸಸಾರಜನಕಕ್ಕೂ ಇರುವ ಈ ನಂಟನ್ನು ಪದವೇ ಹೇಳುತ್ತದೆ. ಪ್ರೋಟೀನು ಎಂದು ಬರೆದರೆ ಅದು ಕಾಣುವುದಿಲ್ಲ. ಈ ಪಾಠ ಬರುವ ಕಡೆ ಒಂದು ಸಲ ಹಳೆಯ ಪದವನ್ನು ಕೊಟ್ಟು, ಬಿಡಿಸಿ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಅದೇ ‘ಸಾರ’ದಿಂದ ನನಗೊಂದು ಅಳುಕೂ ಇದೆ. ಬೇಳೆ ಬೇಯಿಸಿ ಮೇಲಿನ ತಿಳಿ ಕಟ್ಟನ್ನು ಮಾತ್ರ ಬಸಿದು ಕೂಸಿಗೆ ಕುಡಿಸುವ ರೂಢಿ ನಮ್ಮ ಬಹಳ ಮನೆಗಳಲ್ಲಿದೆ. ಸಾರವೆಲ್ಲ ನೀರಿಗೆ ಇಳಿದಿರುತ್ತದೆ ಎಂಬ ನಂಬಿಕೆ. ನಿಜವಾಗಿ ಪ್ರೋಟೀನಿನ ಬಹುಪಾಲು ಉಳಿಯುವುದು ತಳದ ಬೇಳೆಯಲ್ಲಿ. ಬೇಳೆಯನ್ನೇ ನುಣ್ಣಗೆ ಕಿವುಚಿ ಕೊಡಬೇಕು. ಇದನ್ನು ಹೇಳುವ ಪುಟದಲ್ಲೇ ಸಾರ ಎಂಬ ಸದ್ದಿರುವ ಪದ ಬೇಡ ಅನಿಸುತ್ತದೆ.

ಬೇರೆ ನುಡಿಯವರು ಏನು ಮಾಡಿದ್ದಾರೆ ಎಂದು ನೋಡಿದೆ. ತೆಲುಗಿನವರು ಮಾಂಸಕೃತ್ತು ಅನ್ನುತ್ತಾರೆ, ಮಾಂಸ ಬೆಳೆಸುವುದು. ಮಲಯಾಳದಲ್ಲಿ ಮಾಂಸ್ಯಂ. ಬಂಗಾಳಿಯಲ್ಲಿ ಆಮಿಷ, ಆದರೆ ಅಲ್ಲಿ ಮಾಂಸಾಹಾರಕ್ಕೂ ಅದೇ ಪದ. ಮರಾಠಿಯ ಪ್ರಥಿನ, ತಮಿಳಿನ ಪುರದಂ ಎರಡರಲ್ಲೂ ಪ್ರೋಟೀನಿನ ಸದ್ದು ಕೇಳುತ್ತದೆ. ಜರ್ಮನಿಯಲ್ಲಿ ಇವತ್ತಿಗೂ ಪೊಟ್ಟಣದ ಮೇಲೆ ಐವೈಸ್ ಎಂದೇ ಇರುತ್ತದೆ, ಮೊಟ್ಟೆಯ ಬಿಳಿ ಎಂದರ್ಥ. ಡಚ್ಚರದೂ ಚೀನೀಯರದೂ ಅದೇ ದಾರಿ. ಪ್ರೋಟೀನ್ ಎಂಬ ಹೆಸರು ಅಚ್ಚಾದದ್ದು 1838ರಲ್ಲಿ. ಸ್ವೀಡನ್ನಿನ ಬೆರ್ಜೀಲಿಯಸ್ ಸೂಚಿಸಿದರು, ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಸಿದರು. ಗ್ರೀಕಿನಲ್ಲಿ ಮೊದಲನೆಯದು, ಮುಖ್ಯವಾದದ್ದು ಎಂಬ ಅರ್ಥ. ಯಾರದೇ ಪದದಲ್ಲಿಯೂ ವಸ್ತುವಿನ ಪೂರ್ತಿ ಗುಣ ಇಲ್ಲ. ಆದ್ದರಿಂದ ಅರ್ಥ ಬಿಡಿಸಿ ನೋಡುವುದಕ್ಕಿಂತ, ಗೊಂದಲವಿಲ್ಲದೆ ಬಳಸಲು ಬರುತ್ತದೆಯೇ ಎಂಬುದೇ ನನಗೆ ಮುಖ್ಯ.

ಬಳಕೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಊಟದ ಮಾತಿನಲ್ಲಿ ಪ್ರೋಟೀನು ಒಂದು ರಾಶಿ. ಇಷ್ಟು ಗ್ರಾಂ ಎಂದು ತೂಗುತ್ತೇವೆ. ಜೀವಶಾಸ್ತ್ರದಲ್ಲಿ ಅದು ಎಣಿಸುವ ವಸ್ತು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಕೂದಲು-ಉಗುರಿನ ಕೆರಾಟಿನ್ ಒಂದು, ಚರ್ಮ-ಮೂಳೆಗಳನ್ನು ಹಿಡಿದಿಡುವ ಕೊಲಾಜನ್ ಇನ್ನೊಂದು. ‘ಇನ್ಸುಲಿನ್ ಒಂದು ಪ್ರೋಟೀನು’ ಎಂಬ ವಾಕ್ಯ ಸಲೀಸು. ‘ಇನ್ಸುಲಿನ್ ಒಂದು ಸಸಾರಜನಕ’ ಎಂದು ಬರೆದು ನೋಡಿ, ತಡವರಿಸುತ್ತದೆ. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಬೇಕು, ಯಾಕೆಂದರೆ ವಿಷಯವೇ ಹಾಗಿದೆ. ಇನ್ಸುಲಿನ್ ಗುಳಿಗೆಯಾಗಿ ನುಂಗಲು ಯಾಕೆ ಬರುವುದಿಲ್ಲ ಎಂದು ಜನ ಕೇಳುತ್ತಾರೆ. ಅದು 51 ಅಮೈನೋ ಆಮ್ಲಗಳ ಪ್ರೋಟೀನು. ನುಂಗಿದರೆ ಹೊಟ್ಟೆ ಅದನ್ನೂ ಬೇಳೆಯ ಪ್ರೋಟೀನಿನಂತೆಯೇ ತುಂಡು ಮಾಡಿ ಅರಗಿಸಿಬಿಡುತ್ತದೆ. ತಿಂದ ಪ್ರೋಟೀನು ಹಾಗೇ ಮೈಗೆ ಸೇರುವುದಿಲ್ಲ. ಅಮೈನೋ ಆಮ್ಲಗಳಾಗಿ ಒಡೆದು, ಮೈ ತನಗೆ ಬೇಕಾದ ಪ್ರೋಟೀನುಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಮೈನೋ ಆಮ್ಲಗಳು 20 ಬಗೆ. ಅದರಲ್ಲಿ 9 ಊಟದಿಂದಲೇ ಬರಬೇಕು.

ಕಾಗುಣಿತದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಸ್ಸು, ಕಾರು, ಪೆನ್ನು ಇದ್ದ ಹಾಗೆ ಪ್ರೋಟೀನು. ಆಗ ಪ್ರೋಟೀನಿನ, ಪ್ರೋಟೀನಿಗೆ ಎಂದು ವಿಭಕ್ತಿ ತಾನಾಗಿ ಹತ್ತುತ್ತದೆ. ಪ್ರೋಟೀನ್‌ನ, ಪ್ರೋಟೀನ್‌ಗೆ ಎಂದು ಅರ್ಧಕ್ಕೆ ನಿಲ್ಲಿಸುವುದು ಕಣ್ಣಿಗೂ ಬಾಯಿಗೂ ಕಷ್ಟ.

ಹಳೆಯ ಪದಗಳೆಲ್ಲ ಬೇಡ ಎನ್ನುವವಳಲ್ಲ ನಾನು. ಮೈಯೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕು ಮಾಡುವ ಎನ್‌ಜೈಮಿಗೆ ನಾವು ಬಳಸುವ ಕಿಣ್ವ ಎಂಬ ಪದ ನೋಡಿ. ಹೆಂಡ ಹುಳಿಯಿಸಲು ಹಾಕುವ ವಸ್ತುವಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಕಾಲದಲ್ಲೇ ಇದ್ದ ಹೆಸರು. ಎನ್‌ಜೈಮ್ ಎಂಬ ಪದದಲ್ಲಿಯೂ ಗ್ರೀಕಿನ ಹುಳಿಹಿಟ್ಟು ಅಡಗಿದೆ. ಚಿಕ್ಕ ಪದ, ಬಾಯಲ್ಲಿ ನಿಲ್ಲುತ್ತದೆ, ಬೇರೆ ಪದದ ಜೊತೆ ಬೆರೆಯುವುದಿಲ್ಲ. ‘ಬಹುಪಾಲು ಕಿಣ್ವಗಳು ಪ್ರೋಟೀನುಗಳೇ’ ಎಂದು ಬರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ನನಗೆ ನಿಜಕ್ಕೂ ಸಹಾಯ ಬೇಕಾಗಿರುವುದು ಕ್ರಿಯಾಪದದಲ್ಲಿ. ಕಾವಿಗೋ ಹುಳಿಗೋ ಪ್ರೋಟೀನಿನ ಸುತ್ತಿಕೊಂಡ ಎಳೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಎಳೆ ತುಂಡಾಗುವುದಿಲ್ಲ, ಅಮೈನೋ ಆಮ್ಲಗಳು ಎಲ್ಲಿಯೂ ಹೋಗುವುದಿಲ್ಲ. ಇದಕ್ಕೆ ಏನನ್ನೋಣ? ‘ಕೆಡುತ್ತದೆ’, ‘ನಾಶವಾಗುತ್ತದೆ’ ಎಂದು ಬರೆದರೆ ಬೇಯಿಸಿದ ಮೊಟ್ಟೆಯಲ್ಲಿ ಶಕ್ತಿ ಇಲ್ಲ ಎಂದು ತಾಯಂದಿರು ತಿಳಿಯುತ್ತಾರೆ. ಇರುವುದು ಅದರ ಉಲ್ಟಾ. ಬೆಂದ ಮೊಟ್ಟೆಯ ಪ್ರೋಟೀನು ಹಸಿ ಮೊಟ್ಟೆಯದಕ್ಕಿಂತ ಚೆನ್ನಾಗಿ ಅರಗುತ್ತದೆ. ಹಾಗೆ ಬಿಚ್ಚಿಕೊಂಡ ಎಳೆಗಳು ಒಂದಕ್ಕೊಂದು ಹೆಣೆದು ಗಟ್ಟಿಯಾಗುವುದಕ್ಕೆ ಮಾತ್ರ ನಮ್ಮ ಅಡುಗೆಮನೆಯಲ್ಲಿ ಮಾತುಗಳಿವೆ. ಗಿಣ್ಣು ಅದಕ್ಕೆ ಒಳ್ಳೆಯ ಉದಾಹರಣೆ. ಮಾಮೂಲಿ ಹಾಲು ಕುದಿದರೂ ಗಟ್ಟಿಯಾಗುವುದಿಲ್ಲ, ಅದರ ಮುಖ್ಯ ಪ್ರೋಟೀನಾದ ಕೇಸೀನ್ ಕಾವು ತಡೆಯುತ್ತದೆ. ಕರು ಹಾಕಿದ ಮೊದಲ ದಿನಗಳ ಹಾಲಿನಲ್ಲಿ ಕರುವನ್ನು ರೋಗದಿಂದ ಕಾಯುವ ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳು ತುಂಬಿರುತ್ತವೆ. ಅವು ಹಬೆಗೆ ಗಟ್ಟಿಯಾಗಿ ಗಿಣ್ಣಾಗುತ್ತವೆ. ಹುಳಿ ತಾಗಿದರೆ ಆ ಕೇಸೀನೂ ಕೂಡಿಕೊಂಡು ಹಾಲು ಹೆಪ್ಪಾಗುತ್ತದೆ. ಗಾಯದ ರಕ್ತಕ್ಕೂ ನಾವು ಹೆಪ್ಪುಗಟ್ಟುವುದು ಅಂತಲೇ ಅನ್ನುತ್ತೇವೆ. ಅಲ್ಲಿ ಫೈಬ್ರಿನ್ ಎಂಬ ಪ್ರೋಟೀನು ಬಲೆ ಹೆಣೆಯುತ್ತದೆ. ಆದರೆ ನೀರು ಮಂಜುಗಡ್ಡೆಯಾಗುವುದಕ್ಕೂ ಪಠ್ಯಗಳಲ್ಲಿ ಹೆಪ್ಪುಗಟ್ಟುವುದು ಎಂದೇ ಬರುತ್ತದೆ. ಹಾಗಾಗಿ ಅದೊಂದನ್ನೇ ನೆಚ್ಚುವ ಹಾಗಿಲ್ಲ.

ನಮ್ಮ ಕರಡಿನಲ್ಲಿ ಸದ್ಯಕ್ಕೆ ‘ಮಡಿಕೆ ಬಿಚ್ಚುವುದು’ ಎಂದು ಇಟ್ಟಿದ್ದೇವೆ. ಉತ್ತರ ಕರ್ನಾಟಕದವರು, ಕರಾವಳಿಯವರು ನಿಮ್ಮ ಕಡೆ ಹಾಲು, ಮೊಟ್ಟೆ, ಮೀನು ಬೆಂದು ಬಿಳಿಚಿ ಗಟ್ಟಿಯಾಗುವುದಕ್ಕೆ ಏನನ್ನುತ್ತೀರಿ? ಗರಣೆ ಕಟ್ಟುವುದು ಎಂಬುದನ್ನು ರಕ್ತಕ್ಕಲ್ಲದೆ ಬೇರೆಯದಕ್ಕೂ ಬಳಸುವುದುಂಟಾ? ಸಸಾರಜನಕವನ್ನು ಶಾಲೆಯಲ್ಲಿ ಕಲಿಸುವ ಮೇಷ್ಟ್ರುಗಳು ಬಳಗದಲ್ಲಿದ್ದರೆ, ಮಕ್ಕಳು ಆ ‘ಸ’ವನ್ನು ಉಳಿಸಿಕೊಂಡು ಬರೆಯುತ್ತಾರಾ ಎಂಬುದನ್ನೂ ತಿಳಿಸಿ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಮಾತು ಸಿಕ್ಕರೆ ಉಪಕಾರ.