2^61−1 ಅವಿಭಾಜ್ಯ ಅಲ್ಲ ಅಂತ ಬರ್ತಿದೆ, ಮೂರು ದಿನದಿಂದ ಒದ್ದಾಟ

ಸಪ್ತಾಪುರ_ಹುಡುಗ: 2^p−1 ರೂಪದ ಸಂಖ್ಯೆ ಅವಿಭಾಜ್ಯವೇ ಅಂತ ನೋಡುವ ಲೂಕಾಸ್-ಲೆಹ್ಮರ್ ಪರೀಕ್ಷೆಗೆ ಪ್ರೋಗ್ರಾಂ ಬರೆದಿದ್ದೇನೆ. 4ರಿಂದ ಶುರು, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಆ ಸಂಖ್ಯೆಯಿಂದ ಭಾಗಿಸಿದ ಶೇಷ ಇಟ್ಟುಕೊಳ್ಳೋದು, ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಘಾತ p 13, 17, 19, 31 ಆದಾಗ ಎಲ್ಲ ಸರಿ. 61ಕ್ಕೆ ಸೊನ್ನೆ ಬರೋದೇ ಇಲ್ಲ. ಅದು ಅವಿಭಾಜ್ಯ ಅಂತ 1883ರಲ್ಲೇ ಗೊತ್ತಾಗಿದೆ! ತಲೆ ಕೆಟ್ಟು ಹೋಗಿದೆ.

ಗದಗ_ರಿಗ್: ಸುತ್ತು ಘಾತಕ್ಕಿಂತ ಎರಡು ಕಡಿಮೆ, 59 ಆಗಬೇಕು. ಅದು ಸರಿ ಇದ್ದರೆ ಮಷಿನ್ ಬಿಸಿಯಾಗಿದೆ. ಏಪ್ರಿಲ್‌ನಲ್ಲಿ ನಾನು ಪ್ರೈಮ್95 (ಇಂಥ ದೊಡ್ಡ ಅವಿಭಾಜ್ಯ ಹುಡುಕುವ ಪ್ರೋಗ್ರಾಂ) ಹಚ್ಚಿದರೆ ಅರ್ಧ ತಾಸಿಗೆ ಲೆಕ್ಕ ತಪ್ಪುತ್ತದೆ.

ಸಪ್ತಾಪುರ_ಹುಡುಗ: 59 ಸುತ್ತೇ ರೀ. ಒಂದು ಸೆಕೆಂಡೂ ಹಿಡಿಯಲ್ಲ, ಬಿಸಿ ಎಲ್ಲಿಂದ ಬಂತು?

ಗದಗ_ರಿಗ್: ಹಂಗಾದ್ರೆ ರ‍್ಯಾಮ್. ತೆಗೆದು, ರಬ್ಬರ್‌ನಿಂದ ತಿಕ್ಕಿ ಹಾಕಿ ನೋಡ್ರಿ.

ಹಾವೇರಿ_ಏಲಕ್ಕಿ: ಘಾತ ಅವಿಭಾಜ್ಯ ಆದರೆ ಸಂಖ್ಯೆಯೂ ಅವಿಭಾಜ್ಯ ಅಲ್ವಾ? ಸುಮ್ನೆ ಯಾಕೆ ಪರೀಕ್ಷೆ?

ಉಣಕಲ್_ಕೆರೆ: ಅಲ್ಲ. ಘಾತ 11 ನೋಡಿ, 2047 = 23 × 89. ಫ್ರೆಂಚ್ ಗಣಿತಜ್ಞ ಮರ್ಸೆನ್ 1644ರಲ್ಲಿ ಅವಿಭಾಜ್ಯ ಕೊಡುವ ಘಾತಗಳ ಪಟ್ಟಿಯಲ್ಲಿ 67 ಸೇರಿಸಿದ್ದ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ 2^67−1 ಅನ್ನು 193707721 × 761838257287 ಅಂತ ಒಡೆದು ತೋರಿಸಿದ. ಇರಲಿ. ಸಪ್ತಾಪುರ, ಯಾವ ಭಾಷೆಯಲ್ಲಿ ಬರೆದಿದ್ದೀರಿ? ಪೈಥಾನ್‌ನಲ್ಲಿ ಹೀಗಾಗೋದು ಕಷ್ಟ.

ಸಪ್ತಾಪುರ_ಹುಡುಗ: ಸಿ. ಹೇಳೋದು ಮರೆತೆ. ಲಾಂಗ್ ಲಾಂಗ್‌ಗೆ ಪೌ(2,61)-1 ಹಾಕಿದ್ದೇನೆ, ಅಂದರೆ 64 ಬಿಟ್ ಪೂರ್ಣಾಂಕದಲ್ಲಿ 2^61−1.

ಉಣಕಲ್_ಕೆರೆ: ಅದನ್ನೇ ಪ್ರಿಂಟ್ ಮಾಡಿ.

ಸಪ್ತಾಪುರ_ಹುಡುಗ: 2305843009213693952

ಉಣಕಲ್_ಕೆರೆ: ಕೊನೆಯ ಅಂಕಿ ನೋಡಿ. ಸಮ ಸಂಖ್ಯೆ! 951 ಅಂತ ಮುಗಿಯಬೇಕಿತ್ತು. ಪೌ ಕೊಡೋದು ಡಬಲ್ (ದಶಮಾಂಶ ಸಂಖ್ಯೆಯ ಬಗೆ), ಅದರಲ್ಲಿ 53 ಬಿಟ್ ಮಾತ್ರ ಹಿಡಿಯುತ್ತದೆ. ನೀವು ಕಳೆದ 1 ಅಲ್ಲೇ ಕರಗಿ ಹೋಯ್ತು. ಪೌ ಬಿಡಿ. ಲಾಂಗ್ ಲಾಂಗ್ 1 ಅನ್ನು ಎಡಕ್ಕೆ 61 ಸಲ ಸರಿಸಿ, ಆಮೇಲೆ 1 ಕಳೆಯಿರಿ.

ಗದಗ_ರಿಗ್: ಆದರೂ ರ‍್ಯಾಮ್ ಒಂದು ಸಲ ನೋಡ್ರಿ.

ಸಪ್ತಾಪುರ_ಹುಡುಗ: 951 ಬಂತು. ಸೊನ್ನೆ ಮಾತ್ರ ಇನ್ನೂ ಇಲ್ಲ!

ಉಣಕಲ್_ಕೆರೆ: ವರ್ಗ 122 ಬಿಟ್‌ವರೆಗೆ ಹೋಗುತ್ತದೆ, 64ರಲ್ಲಿ ಹಿಡಿಯಲ್ಲ. 31ಕ್ಕೆ 62 ಬಿಟ್ ಸಾಕಿತ್ತು, ಅದಕ್ಕೇ ಅಲ್ಲಿವರೆಗೆ ಸರಿ ಬಂತು. ಜಿಸಿಸಿ ಕಂಪೈಲರ್ ಇದ್ದರೆ ಗುಣಾಕಾರಕ್ಕೆ 128 ಬಿಟ್‌ನ ಇಂಟ್ ಬಳಸಿ.

ಸಪ್ತಾಪುರ_ಹುಡುಗ: ಪ್ರತಿ ಸುತ್ತೂ ಪ್ರಿಂಟ್ ಹಾಕಿ ನೋಡಿದೆ. 14, 194, 37634, 1416317954, ಐದನೆಯದು 2005956546822746114. ಅಲ್ಲಿವರೆಗೆ ಹಳೆಯದೂ ಹೊಸದೂ ಒಂದೇ. ಆರನೆಯದರಲ್ಲಿ ಕೆಡುತ್ತಿತ್ತು. 128 ಹಾಕಿದ ಮೇಲೆ 59ನೇ ಸುತ್ತಿಗೆ ಸೊನ್ನೆ!! ತುಂಬಾ ಥ್ಯಾಂಕ್ಸ್ ರೀ.

ಗದಗ_ರಿಗ್: ನನ್ನ ಮಷಿನ್‌ಗೆ ಈಗ ಆರು ಫ್ಯಾನ್, ಹಗಲು ರಾತ್ರಿ ಪ್ರೈಮ್95. 2024ರಲ್ಲಿ ಸಿಕ್ಕ ಅವಿಭಾಜ್ಯ 4,10,24,320 ಅಂಕಿ. ಮುಂದಿನದು ಗದಗದಿಂದ ಬರಬೇಕು.

ಹಾವೇರಿ_ಏಲಕ್ಕಿ: ಅದು ಸಿಕ್ಕಿದ್ದು ಜಿಪಿಯುನಲ್ಲಿ. ನಿಮ್ಮದು ಸಿಪಿಯು ಅಲ್ವಾ?

ಗದಗ_ರಿಗ್: 2018ರದ್ದು ಸಿಪಿಯುನಲ್ಲೇ ಸಿಕ್ಕಿತ್ತು, 2 ಕೋಟಿ 48 ಲಕ್ಷ ಅಂಕಿ. ಫ್ಯಾನ್ ಫೋಟೊ ಹಾಕ್ತೇನೆ ತಡೀರಿ.

ಸಪ್ತಾಪುರ_ಹುಡುಗ: 89 ಹಾಕಿದೆ, ಮತ್ತೆ ತಪ್ಪು. ವರ್ಗ 178 ಬಿಟ್ ಆಗುತ್ತೆ, 128 ಸಾಲಲ್ಲ. ವಿಂಡೋಸ್‌ನಲ್ಲಿ ಜಿಎಂಪಿ (ಎಷ್ಟು ದೊಡ್ಡ ಸಂಖ್ಯೆಯನ್ನೂ ಲೆಕ್ಕ ಮಾಡುವ ಲೈಬ್ರರಿ) ಯಾರಾದರೂ ಹಾಕಿದ್ದೀರಾ?