ಆಯಿಯ ಉಂಗುರದ ಕೆಂಪು ಹರಳಿಗೆ ಮತ್ತೆ ಸಾಣೆ ಹಿಡಿಸಬೇಕಾ?

ಶಹಾಬಾದಿನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿ ಹೋದ ಶ್ರಾವಣದಲ್ಲಿ ತೀರಿಕೊಂಡರು. ಅವರ ಉಂಗುರ ಈಗ ನನ್ನ ಕೈಗೆ ಬಂದಿದೆ. ಬಂಗಾರದ ಉಂಗುರ, ನಡುವೆ ಒಂದೇ ಕೆಂಪು ಹರಳು. ಶೇಂಗಾ ಬೀಜದಷ್ಟು ದೊಡ್ಡದು, ಆದರೆ ಆಕಾರ ತೊಗರಿ ಬೇಳೆಯದು. ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಒಂದೂ ಪಹಲು, ಅಂದರೆ ಕೊರೆದ ಚಪ್ಪಟೆ ಮುಖ, ಇಲ್ಲ. ಬಣ್ಣವೂ ಅಚ್ಚ ಕೆಂಪಲ್ಲ, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಟ್ಯೂಬ್‌ಲೈಟಿನ ಕೆಳಗೆ ಮಂಕಾಗಿ ಕಾಣುತ್ತದೆ.

ಹರಳು ಹಿಡಿದಿರುವ ಹಲ್ಲು ಸವೆದಿವೆ ಅಂತ ಒಂದು ಅಂಗಡಿಯಲ್ಲಿ ತೋರಿಸಿದೆ. "ಇದು ಕಟಿಂಗ್ ಆಗದ ಹರಳು. ಜೈಪುರಕ್ಕೆ ಕಳಿಸಿ ಪಹಲು ಹಾಕಿಸಿದರೆ ವಜ್ರದ ಹಾಗೆ ಹೊಳೆಯುತ್ತದೆ" ಅಂದರು. ಅವ್ವ ಬೇಡ ಅನ್ನುತ್ತಾಳೆ. ನನಗೆ ದಿನಾ ಹಾಕಿಕೊಳ್ಳುವ ಆಸೆ, ಹಾಳಾದರೆ ಅನ್ನುವ ಭಯ. ಯಾವ ಕಟಿಂಗ್ ಒಳ್ಳೆಯದು? ದುಂಡಗಿನದಾ, ಚೌಕದ್ದಾ? ತಿಳಿದವರು ಹೇಳಿ.

ಬೀದರ್ ಹುಡುಗ

ಮಾಡಿಸಿಬಿಡಿ ಅಕ್ಕಾ. ರೌಂಡ್ ಬ್ರಿಲಿಯಂಟ್ ಅನ್ನುವ ದುಂಡಗಿನ ಕಟಿಂಗ್ ಹೇಳಿ. ನಮ್ಮ ಮನೆಯವಳ ನಿಶ್ಚಯದ ಉಂಗುರದಲ್ಲಿ ಅದೇ ಇದೆ. 57 ಮುಖ, ಯಾವ ಕಡೆ ತಿರುಗಿಸಿದರೂ ಕಿಡಿ ಹಾರುತ್ತದೆ. ಪೆಟ್ಟಿಗೆಯಲ್ಲಿ ಮಂಕಾಗಿ ಬಿದ್ದಿರುವುದಕ್ಕಿಂತ ನಿಮ್ಮ ಬೆರಳಲ್ಲಿ ಹೊಳೆಯಲಿ, ಅಲ್ವಾ?

ಸರಾಫ ಬಜಾರ್ ಕಾಕಾ

ತಂಗೀ, ಸ್ವಲ್ಪ ತಡಿ. ಸದ್ಯಕ್ಕೆ ಹರಳು ಯಾರ ಕೈಗೂ ಕೊಡಬೇಡ.

ನಾನು 31 ವರ್ಷದಿಂದ ಕಲಬುರಗಿಯ ಸರಾಫ ಬಜಾರಿನಲ್ಲಿ ಹರಳು ಕೂಡಿಸುವ ಕೆಲಸ ಮಾಡುತ್ತಿದ್ದೇನೆ. "ಕಟಿಂಗ್ ಆಗದ ಹರಳು" ಅನ್ನುವ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಉಬ್ಬು ತಲೆ, ಚಪ್ಪಟೆ ತಳ, ಇದೂ ಒಂದು ಕಟಿಂಗೇ. ಕ್ಯಾಬೊಶಾನ್ ಅನ್ನುತ್ತಾರೆ. ನಾನು ಹುಡುಗರಿಗೆ ಕಲಿಸುವಾಗ ನಮ್ಮೂರಿನ ಹಫ್ತ್ ಗುಂಬಜಿನ ಗುಮ್ಮಟ ತೋರಿಸಿ, ಇದೇ ಆಕಾರ ಅನ್ನುತ್ತೇನೆ. ಮುಖ ಕೊರೆಯುವ ವಿದ್ಯೆ ಬರುವುದಕ್ಕಿಂತ ಎಷ್ಟೋ ಮೊದಲಿನದು ಇದು. ಹವಳ, ವೈಡೂರ್ಯ, ಚಂದ್ರಕಾಂತ ಇವತ್ತಿಗೂ ಹೀಗೇ ತಯಾರಾಗುತ್ತವೆ.

ಪಹಲು ಯಾಕೆ ಹಾಕುತ್ತಾರೆ ಗೊತ್ತಾ? ಮೇಲಿಂದ ಒಳಗೆ ಹೋದ ಬೆಳಕು ಕೆಳಗೆ ಸೋರಿಹೋಗದೆ ವಾಪಸ್ ನಮ್ಮ ಕಣ್ಣಿಗೆ ಬರಲಿ ಅಂತ. ಹಾಗಾಗಬೇಕಾದರೆ ಮೊದಲು ಬೆಳಕು ಹರಳಿನ ಒಳಗೆ ಹೋಗಬೇಕು. ನೀನು ಬರೆದದ್ದು ನೋಡಿದರೆ ನಿನ್ನದು ಬೆಳಕು ಸರಿಯಾಗಿ ಹಾಯದ ಹರಳು. ಅಂಥದ್ದಕ್ಕೆ 57 ಅಲ್ಲ, 100 ಮುಖ ಹಾಕಿದರೂ ಮೇಲ್ಮೈ ಮಾತ್ರ ಮಿನುಗುತ್ತದೆ.

ಬೀದರಿನ ತಮ್ಮ ಹೇಳಿದ 57 ಮುಖದ ಲೆಕ್ಕ ವಜ್ರದ್ದು. ಮೇಲೆ 33, ಕೆಳಗೆ 24. ಯಾವ ಮುಖ ಎಷ್ಟು ಓರೆ ಇರಬೇಕು ಅಂತ 1919ರಲ್ಲಿ ವಜ್ರ ಕೊರೆಯುವ ಮನೆತನದ ಮಾರ್ಸೆಲ್ ಟೋಲ್ಕೋವ್‌ಸ್ಕಿ ಲೆಕ್ಕ ಹಾಕಿ ಪುಸ್ತಕ ಬರೆದರು. ಕೆಳಗಿನ ಹೊಟ್ಟೆಯ ಓರೆ ಸುಮಾರು 41 ಡಿಗ್ರಿ. ವಜ್ರ ಬೆಳಕನ್ನು ಬಗ್ಗಿಸುವ ಅಳತೆ 2.42, ಕೆಂಪಿನದು, ಅಂದರೆ ಮಾಣಿಕ್ಯದ್ದು, 1.77 ಅಷ್ಟೇ. ಹಾಗಾಗಿ ಒಳ್ಳೆಯ ಕೆಂಪಿಗೂ ಮುಖ ಹಾಕಿದ ಮಾತ್ರಕ್ಕೆ ವಜ್ರದ ಹೊಳಪು ಬರುವುದಿಲ್ಲ. ಹೊಟ್ಟೆ ತೆಳ್ಳಗೆ ಮಾಡಿದರೆ ನಡುವೆ ಕಿಟಕಿ ತೆರೆದ ಹಾಗೆ ಆಗುತ್ತದೆ. ಬಿಡಿ ಹರಳು ಕೊಳ್ಳುವಾಗ ಪೇಪರಿನ ಮೇಲಿಟ್ಟು ನೋಡಿ. ನಡುವಿನಲ್ಲಿ ಅಕ್ಷರ ಓದಲು ಬಂದರೆ ಬೆಳಕು ಕೆಳಗೆ ಸೋರುತ್ತಿದೆ ಅಂತ ಅರ್ಥ. ತೂಕ ಉಳಿಸುವ ಆಸೆಗೆ ಎಷ್ಟೋ ಜನ ಹೀಗೆ ಮಾಡುತ್ತಾರೆ.

ತೂಕದ ಮಾತು ಬಂತು, ಹೇಳಿಬಿಡುತ್ತೇನೆ. ಮತ್ತೆ ಸಾಣೆಗೆ ಹೋದ ಹರಳು ಸಣ್ಣದಾಗಿಯೇ ಬರುತ್ತದೆ. ಕೋಹಿನೂರ್ ವಜ್ರ ಈಗಿನ ಅಳತೆಯಲ್ಲಿ ಸುಮಾರು 191 ಕ್ಯಾರೆಟ್ ಇತ್ತು. 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಕೊರೆಸಿದ ಮೇಲೆ ಉಳಿದದ್ದು 105.6. ನಮ್ಮ ಕಡೆಯ ಹಳೆಯ ಕೆಲಸಗಾರರು ತೂಕ ಕಾಯುತ್ತಿದ್ದರು, ಲಂಡನ್ನಿನವರು ಹೊಳಪಿಗಾಗಿ ಕೊರೆದರು. ನನಗೆ ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ಹರಳಿಗೆ ಬರೋಣ. ಟ್ಯೂಬ್‌ಲೈಟ್ ಆರಿಸು. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಹರಳಿನ ನೆತ್ತಿಯ ಮೇಲೆ ಗೇಣುದ್ದ ಎತ್ತರದಲ್ಲಿ ನೇರ ಹಿಡಿ. ಉಂಗುರ ನಿಧಾನವಾಗಿ ಓಲಿಸು. ಏನು ಕಂಡಿತು ಅಂತ ಬರೆ. ಹಿಂದೆ ಬಂಗಾರದಲ್ಲಿ ಕಿಂಡಿ ಇದ್ದರೆ ಹರಳಿನ ತಳ ನಯವಾಗಿದೆಯಾ, ಒರಟಾಗಿದೆಯಾ ಅದನ್ನೂ ನೋಡು.

ಯಾದಗಿರಿ ಅಕ್ಕ

ಕಾಕಾ ಹೇಳಿದ್ದು ಕೇಳು ತಂಗಿ. ನಾನು ಅವಸರ ಮಾಡಿ ಅನುಭವಿಸಿದ್ದೇನೆ. ನಮ್ಮ ಅತ್ತೆಯವರ ಪಚ್ಚೆಯ ಉಂಗುರ. ಎಂಟು ಮೂಲೆ, ಒಳಗೆ ಬಾವಿಯ ಮೆಟ್ಟಿಲಿನ ಹಾಗೆ ಇಳಿಯುವ ಕಟಿಂಗ್. ಚಂದಕ್ಕೆ ಮೂಲೆ ಕತ್ತರಿಸಿದ್ದಾರೆ ಅಂದುಕೊಂಡಿದ್ದೆ. ಪಚ್ಚೆಯೊಳಗೆ ಬಿರುಕು ಜಾಸ್ತಿ, ಚೂಪು ಮೂಲೆ ಬಿಟ್ಟರೆ ಚಕ್ಕೆ ಏಳುತ್ತದೆ ಅಂತ ಆಮೇಲೆ ಗೊತ್ತಾಯಿತು. ತೊಳೆಯಲು ಕೊಟ್ಟಿದ್ದೆ. ಒಬ್ಬರು ಮಷೀನಿನಲ್ಲಿ ಹಾಕಿಬಿಟ್ಟರು. ಬಿರುಕು ಕಾಣದಿರಲಿ ಅಂತ ತುಂಬಿದ್ದ ಎಣ್ಣೆ ಹೋಯಿತು. ಸಂಜೆ ಕೈಗೆ ಬಂದಾಗ ಹಸಿರಿನ ಒಳಗೆಲ್ಲ ಬಿಳಿ ಜೇಡರ ಬಲೆ. ಅತ್ತೆ ಏನೂ ಅನ್ನಲಿಲ್ಲ. ಉಂಗುರ ಇಸಿದುಕೊಂಡು ಬಹಳ ಹೊತ್ತು ನೋಡಿದರು, ಅಷ್ಟೇ.

ಶಹಾಬಾದಿನ ಮೊಮ್ಮಗಳು

ಕಾಕಾ, ನಕ್ಷತ್ರ!

ರಾತ್ರಿ ಕರೆಂಟ್ ಹೋದಾಗ ನೀವು ಹೇಳಿದ ಹಾಗೆ ಟಾರ್ಚ್ ಹಿಡಿದೆ. ಹರಳಿನ ಮೇಲೆ ಬಿಳಿ ಗೆರೆಗಳು ಎದ್ದವು. ಆರು ಕಿರಣ. ಓಲಿಸಿದರೆ ನಕ್ಷತ್ರವೂ ಜಾರುತ್ತದೆ. ನಟ್ಟನಡುವೆ ಇಲ್ಲ, ಸ್ವಲ್ಪ ಒಂದು ಬದಿಗಿದೆ. ಒಂದು ಕಿರಣ ಅರ್ಧಕ್ಕೇ ಮಸುಕಾಗುತ್ತದೆ. ತಳ ಒರಟಾಗಿದೆ, ಸಣ್ಣ ಗುಳಿಗಳಿವೆ. ಅವ್ವ ನೋಡಿ, "ಅದಕ್ಕೇ ಆಯಿ ಬಿಸಿಲಿಗೆ ಕೂತು ಕೈ ತಿರುಗಿಸುತ್ತಿದ್ದಳು" ಅಂದಳು. ಇದು ಹೇಗೆ ಬರುತ್ತದೆ ಕಾಕಾ?

ಸರಾಫ ಬಜಾರ್ ಕಾಕಾ

ಓದಿ ಬಹಳ ಖುಷಿಯಾಯಿತು ತಂಗೀ.

ರೇಷ್ಮೆ ದಾರದ ರೀಲು ಬಿಸಿಲಿಗೆ ಹಿಡಿ. ದಾರಕ್ಕೆ ಅಡ್ಡವಾಗಿ ಒಂದು ಬಿಳಿ ಗೆರೆ ಓಡುತ್ತದೆ. ವೈಡೂರ್ಯದ ಗೆರೆ ಅದೇ ಥರದ್ದು. ನಕ್ಷತ್ರದ ಕೆಂಪಿನ ಒಳಗೆ ರೂಟೈಲ್ ಅನ್ನುವ ಖನಿಜದ ಕೂದಲಿಗಿಂತ ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಮಲಗಿರುತ್ತವೆ. ಮೂರು ದಿಕ್ಕು, ಮೂರು ಗೆರೆ, ಆರು ಕಿರಣ. ಮೇಲೆ ಗುಮ್ಮಟ ಇದ್ದರೆ ಮಾತ್ರ ಈ ಗೆರೆಗಳು ಒಂದೆಡೆ ಕೂಡುತ್ತವೆ. ಪಹಲು ಹಾಕಿಸಿದ್ದರೆ ನಕ್ಷತ್ರ ಹೋಗುತ್ತಿತ್ತು. ನಿನ್ನ ಹರಳು ಕೊರೆದವನು ಒಂಚೂರು ಓರೆ ಹಿಡಿದಿದ್ದಾನೆ, ಅದಕ್ಕೇ ನಕ್ಷತ್ರ ಬದಿಗಿದೆ. ತೂಕ ಉಳಿಯಲಿ ಅಂತ ತಳಕ್ಕೆ ಸಾಣೆ ಹಿಡಿದಿಲ್ಲ.

ಹರಳು ನೆಲದಿಂದ ಬಂದದ್ದು ಅನ್ನುವುದಕ್ಕೆ ಇದು ಒಳ್ಳೆಯ ಗುರುತು. ಕಾರ್ಖಾನೆಯ ನಕ್ಷತ್ರದ ಹರಳು 1947ರಿಂದಲೇ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಕಿರಣ ಗೀಟು ಎಳೆದ ಹಾಗೆ ಚೂಪು, ನಟ್ಟನಡುವೆ, ತಳ ನಯ. ಆದರೂ ಬರೀ ಕಣ್ಣಿಗೆ ನಂಬಬೇಡ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೋ. ನಮ್ಮ ಮೈಸೂರು ಸೀಮೆಯಲ್ಲೂ ಇಂಥ ನೇರಳೆ ಬೆರೆತ ನಕ್ಷತ್ರದ ಕೆಂಪು ಸಿಗುತ್ತದೆ. ಬರ್ಮಾದ ಒಳ್ಳೆಯ ಕೆಂಪಿನ ಬೆಲೆ ಇದಕ್ಕಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಸವೆದ ಹಲ್ಲಷ್ಟೇ ಕಟ್ಟಿಸು. ಬೆಸುಗೆಯ ಬೆಂಕಿ ತಾಗದ ಹಾಗೆ ಹರಳು ಬಿಚ್ಚಿಟ್ಟು ಮಾಡಲಿ. ಕೊಟ್ಟು ಬರಬೇಡ, ಪತ್ತಾರರ ಎದುರಿಗೇ ಕೂತು ಮಾಡಿಸಿಕೋ.